ಬೀಳ್ಕೊಡುಗೆ ಆದ ಮೇಲೂ ಹೊರಡದವರು

ಗಲ್ಫಿನಲ್ಲಿ ಬದುಕುವ ನಮ್ಮವರು ಬಹಳ ಕ್ಷಮಾಗುಣದವರು. ಯಾರಾದರೂ ವರ್ಷಗಟ್ಟಲೆ ಊರಿನ ಕಡೆ ತಲೆಹಾಕದಿದ್ದರೂ ಕ್ಷಮಿಸುತ್ತಾರೆ, ಮಕ್ಕಳಿಗೆ ಕನ್ನಡದಲ್ಲಿ ತಮ್ಮ ಹೆಸರು ಬರೆಯಲು ಬಾರದಿದ್ದರೂ ಕ್ಷಮಿಸುತ್ತಾರೆ, ಸಂಘದ ಕಾರ್ಯಕ್ರಮಕ್ಕೆ ಭಾಷಣಗಳೆಲ್ಲ ಮುಗಿದು ಊಟದ ತಟ್ಟೆ ಹೊರಬರುವ ಹೊತ್ತಿಗೆ ಸರಿಯಾಗಿ ಬಂದು ಕುಳಿತರೂ ಕ್ಷಮಿಸುತ್ತಾರೆ. ಒಂದೇ ಒಂದು ಅಪರಾಧಕ್ಕೆ ಮಾತ್ರ ಅವರಲ್ಲಿ ಕ್ಷಮೆಯಿಲ್ಲ. ಬೀಳ್ಕೊಡುಗೆ ಸಮಾರಂಭ ಮಾಡಿಸಿಕೊಂಡ ಮೇಲೆ ಹೊರಡದೆ ಅಲ್ಲೇ ಉಳಿಯುವುದು. ಶಾಲು ಹೊದ್ದು, ಹಾರ ಹಾಕಿಸಿಕೊಂಡು, ಹಣ್ಣಿನ ಬುಟ್ಟಿ ಹಿಡಿದು ಫೋಟೋಕ್ಕೆ ನಿಂತ ದಂಪತಿಗಳು ಹದಿನೈದು ದಿನ ಕಳೆದ ಮೇಲೂ ಅದೇ ಸೂಪರ್‌ಮಾರ್ಕೆಟ್ಟಿನಲ್ಲಿ ಬಸಳೆಯ ಕಟ್ಟು ಆರಿಸುತ್ತಿದ್ದರೆ, ನೋಡಿದವರಿಗೆ ತಮ್ಮ ಕಣ್ಣೀರನ್ನು ಯಾರೋ ಮೋಸದಿಂದ ತೆಗೆದುಕೊಂಡ ಹಾಗೆ ಆಗುತ್ತದೆ. ಈ ಅಪರಾಧವನ್ನು ನಾನು ಮತ್ತು ನನ್ನ ಗಂಡ ಮಾಡಿದ್ದೇವೆ. ತಲೆ ತಗ್ಗಿಸಿಕೊಂಡು ಹೇಳುತ್ತಿದ್ದೇನೆ ಎಂದು ತಿಳಿಯಬೇಡಿ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೇ ಹೇಳುತ್ತಿದ್ದೇನೆ.

ನಾವು ದೋಹಾಕ್ಕೆ ಬಂದದ್ದು ಎರಡು ವರ್ಷಕ್ಕೆ. ಎಲ್ಲರೂ ಬರುವುದು ಎರಡು ವರ್ಷಕ್ಕೇ. ಆ ಎರಡು ವರ್ಷದಲ್ಲಿ ನಮಗೆ ಮಗಳು ಹುಟ್ಟಿದಳು, ಅಲ್ಲಿಯೇ ಶಾಲೆ ಮುಗಿಸಿದಳು, ಓದಿ ಪುಣೆಯಲ್ಲಿ ಕೆಲಸಕ್ಕೂ ಸೇರಿದಳು. ನಮ್ಮ ಎರಡು ವರ್ಷ ಮಾತ್ರ ಮುಗಿಯಲಿಲ್ಲ. ಇವರು, ಎಂದರೆ ನನ್ನ ಗಂಡ ಭಾಸ್ಕರ, ಒಂದು ಕಟ್ಟಡ ಕಂಪನಿಯ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ನಾನು ಒಂದು ಆಫೀಸಿನಲ್ಲಿ ಹಾಜರಿ, ರಜೆ ಇತ್ಯಾದಿ ಲೆಕ್ಕ ಬರೆಯುತ್ತಿದ್ದೆ. ಬಿನ್ ಮಹಮೂದ್ ಬಡಾವಣೆಯ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ನಮ್ಮ ವಾಸ. ಆ ಮನೆಗೆ ನಾವು ಒಳ್ಳೆಯ ಸೋಫಾ ತರಲಿಲ್ಲ, ಹೇಗೂ ಹೋಗುವವರಲ್ಲವೇ ಎಂದು. ಗೋಡೆಗೆ ಮೊಳೆ ಹೊಡೆಯಲಿಲ್ಲ, ದೇವರ ಫೋಟೋ ಕೂಡ ಫ್ರಿಜ್ಜಿನ ಮೇಲೆ ಒರಗಿಕೊಂಡೇ ನಮ್ಮನ್ನು ಹರಸಿತು. ಟಿವಿ ಬಂದ ರಟ್ಟಿನ ಪೆಟ್ಟಿಗೆಯನ್ನು ಕಪಾಟಿನ ಮೇಲೆ ಜೋಪಾನವಾಗಿಟ್ಟೆವು, ಊರಿಗೆ ಹೋಗುವಾಗ ಬೇಕಾಗುತ್ತದೆಂದು. ಟಿವಿ ಕೆಟ್ಟು ಹೊಸತು ಬಂದಾಗ ಅದರ ಪೆಟ್ಟಿಗೆಯೂ ಹಳೆಯದರ ಮೇಲೆ ಕುಳಿತಿತು. ಹೀಗೆ ನಾಳೆ ಹೊರಡುವವರ ಹಾಗೆ ಇಪ್ಪತ್ತಾರು ವರ್ಷ ಬದುಕಿದವರನ್ನು ಏನೆಂದು ಕರೆಯಬೇಕು? ಪ್ರವಾಸಿಗಳು ಎಂದಲ್ಲದೆ ಬೇರೇನು? ಆದರೆ ಈ ಮಾತು ಹೇಳಿದರೆ ನಮ್ಮವರಿಗೆ ಸಿಟ್ಟು ಬರುತ್ತದೆ.

ಇನ್ನು ಕಡಲಿನ ವಿಷಯ. ಕರಾವಳಿಯವರು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ನಮ್ಮಂಥವರು ಕಡಲಿಗೆ ಇಳಿಯುವುದು ಮೊಣಕಾಲಿನವರೆಗೆ, ಅದೂ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಅದರಾಚೆ ಮೀನು ಹಿಡಿಯುವವರ ರಾಜ್ಯ. ನಾವೂ ಹಾಗೆಯೇ ಇದ್ದೆವು, ಕ್ಯಾಪ್ಟನ್ ಲಾರೆನ್ಸ್ ಸಿಗುವವರೆಗೆ. ಲಾರೆನ್ಸ್ ಕುಂದಾಪುರದ ಕಡೆಯವರು, ಸರಕಿನ ಹಡಗುಗಳಲ್ಲಿ ಜೀವಮಾನ ಕಳೆದು ನಿವೃತ್ತರಾದ ಒಂಟಿ ಜೀವ. ದೇಶ ಬಿಟ್ಟು ಹೋಗುತ್ತಿದ್ದ ಯಾರೋ ಬಿಳಿಯರಿಂದ ಒಂದು ಹಳೆಯ ಹಾಯಿದೋಣಿ ಕೊಂಡಿದ್ದರು. ಇವರಿಗೆ ಅವರ ಪರಿಚಯ ಹೇಗಾಯಿತೋ, ಪ್ರತಿ ಶುಕ್ರವಾರ ದೋಣಿಯ ಹೊಟ್ಟೆಗೆ ಅಂಟಿದ ಚಿಪ್ಪು ಕೆರೆಯಲು ಹೋಗತೊಡಗಿದರು. ಮನೆಯಲ್ಲಿ ಬಾತ್‌ರೂಮಿನ ಟೈಲ್ಸನ್ನು ಒಮ್ಮೆಯೂ ಕೆರೆಯದ ಮನುಷ್ಯ. ಏನು ನಡೆಯುತ್ತಿದೆ ನೋಡೋಣವೆಂದು ನಾನು ಒಂದು ಶುಕ್ರವಾರ ಬುತ್ತಿ ಕಟ್ಟಿಕೊಂಡು ಹೋದೆ. ಲಾರೆನ್ಸ್ ನನ್ನ ಕೈಗೆ ಚುಕ್ಕಾಣಿ ಕೊಟ್ಟು, "ಹಿಡ್ಕೊಳ್ಳಿ ವಾರಿಜಮ್ಮ, ನಾನೊಂದು ಬೀಡಿ ಸೇದ್ತೇನೆ" ಎಂದರು. ದೋಹಾದ ರೌಂಡ್‌ಅಬೌಟುಗಳಲ್ಲಿ ದೈತ್ಯ ಕಾರುಗಳ ನಡುವೆ ನಮ್ಮ ಪುಟ್ಟ ಕಾರು ತೂರಿಸಿ ಪಳಗಿದ ಕೈಗೆ ಆ ಚುಕ್ಕಾಣಿ ಏನೂ ಅಲ್ಲ. ಎಂಜಿನ್ ನಿಲ್ಲಿಸಿ ಹಾಯಿ ಬಿಚ್ಚಿದಾಗ ಸದ್ದೇ ಇಲ್ಲದೆ ದೋಣಿ ಮುಂದೆ ಹೋಯಿತಲ್ಲ, ಆಗ ನನಗೆ ಅಳು ಬಂತು. ಏಕೆಂದು ಇವತ್ತಿಗೂ ಗೊತ್ತಿಲ್ಲ. ಇವರು ಅದನ್ನು ಸಮುದ್ರದ ಕಾಯಿಲೆಯೆಂದು ತಿಳಿದು ನಿಂಬೆಹಣ್ಣು ಮೂಸಲು ಕೊಟ್ಟರು.

ಕೆಲವು ವರ್ಷ ಹೀಗೆ ನಡೆಯಿತು. ಇವರಿಗೆ ಅರವತ್ತಾಗಿ ಕಂಪನಿಯವರು ಸಾಕು ಎಂದ ವರ್ಷ ಲಾರೆನ್ಸ್ ತಮ್ಮ ಬಯಕೆ ಬಾಯಿಬಿಟ್ಟರು. ಮಸ್ಕತ್ತಿಗೆ ಹೋಗಿ, ಅಲ್ಲಿಂದ ಚಳಿಗಾಲದ ಗಾಳಿ ಹಿಡಿದು ಮಾಲ್ಡೀವ್ಸ್. ಆಮೇಲೆ ಸಿಲೋನು, ಅಂಡಮಾನು, ಇಂಡೋನೇಷ್ಯಾ. ಒಂದು ದ್ವೀಪದಿಂದ ಇನ್ನೊಂದು ದ್ವೀಪ, ಬೇಕಾದಷ್ಟು ದಿನ, ಬೇಕಾದಷ್ಟು ವರ್ಷ. "ಒಬ್ಬನಿಗೆ ಆಗುದಿಲ್ಲ ಭಾಸ್ಕರಣ್ಣ, ಎರಡು ಜನ ಬೇಕು. ಬರ್ತೀರಾ?" ಎಂದು ಇವರನ್ನು ಕೇಳಿದರು. ಇವರು ಕನ್ನಡಕ ತೆಗೆದು ಒರೆಸಿದರು. ಇವರು ಕನ್ನಡಕ ಒರೆಸಿದರೆ ಉತ್ತರ ಬರಲು ಒಂದು ವಾರ ಬೇಕು. ಹಾಗಾಗಿ ನಾನೇ "ಬರ್ತೇವೆ" ಎಂದುಬಿಟ್ಟೆ.

ಆಮೇಲೆ ಶುರುವಾಯಿತು ನೋಡಿ. ಕಾರ್ಕಳದಲ್ಲಿ ಮೈದುನನ ಮನೆಯಲ್ಲಿರುವ ಅತ್ತೆ ಫೋನಿನಲ್ಲಿ ತುಳುವಿನಲ್ಲಿ ಕೇಳಿದ್ದರ ಸಾರಾಂಶ: ಸುರತ್ಕಲ್ಲಿನಲ್ಲಿ ಅಷ್ಟು ದೊಡ್ಡ ಮನೆ ಕಟ್ಟಿಸಿ ಇಟ್ಟಿದ್ದೀರಿ, ಅದರಲ್ಲಿ ಇರುವುದು ಬಿಟ್ಟು ಮೀನು ಹಿಡಿಯುವ ಮರಕಾಲರ ಹಾಗೆ ದೋಣಿಯಲ್ಲಿ ಮಲಗುವುದು ಎಂಥ ಕರ್ಮ? ಆಫೀಸಿನವರು, "ಮಾಲ್ಡೀವ್ಸಿಗೆ ಫ್ಲೈಟ್ ಉಂಟಲ್ಲ ಮೇಡಂ, ನಾಲ್ಕು ಗಂಟೆಯಲ್ಲಿ ಮುಟ್ತದೆ" ಎಂದು ನನಗೆ ತಿಳುವಳಿಕೆ ಹೇಳಿದರು. ಪಕ್ಕದ ಕಟ್ಟಡದ ಪ್ರಮೀಳಾ ದನಿ ತಗ್ಗಿಸಿ, "ಅಕ್ಕ, ದೋಣಿಯಲ್ಲಿ ಬಾತ್‌ರೂಮ್ ಉಂಟಾ?" ಎಂದಳು. ಉಂಟು ಎಂದೆ. "ಬಿಸಿನೀರು?" ಇಲ್ಲ ಎಂದೆ. ಅಲ್ಲಿಗೆ ಅವಳ ಮಟ್ಟಿಗೆ ಇಡೀ ಹಿಂದೂ ಮಹಾಸಾಗರ ಅನುತ್ತೀರ್ಣವಾಯಿತು. ಎಲ್ಲರಿಗೂ ಗೊತ್ತಿರುವ ದಾರಿ ಒಂದೇ. ಗಲ್ಫಿನಿಂದ ಊರಿಗೆ, ಊರಿನಲ್ಲಿ ಕಟ್ಟಿಸಿದ ಮನೆಗೆ, ಆ ಮನೆಯ ಸಿಟ್‌ಔಟಿನ ಕುರ್ಚಿಗೆ. ಆ ಕುರ್ಚಿಯಲ್ಲಿ ಕುಳಿತು ಗೇಟು ನೋಡುತ್ತಾ ಇರುವುದಕ್ಕಾಗಿ ಇಪ್ಪತ್ತಾರು ವರ್ಷ ಬಿಸಿಲು ತಿಂದದ್ದೇ ಎಂದು ನಾನು ಕೇಳಿದೆ. ಕೇಳಿದ ರೀತಿ ಸ್ವಲ್ಪ ಜೋರಾಗಿತ್ತು ಎಂದು ಇವರು ಹೇಳುತ್ತಾರೆ. ಇನ್ನೂ ಜೋರಾಗಿ ಕೇಳಬೇಕಿತ್ತು.

ನಮ್ಮ ಸಂಘದ ಕಾರ್ಯದರ್ಶಿ ಸದಾಶಿವಣ್ಣ ಮಾತ್ರ ಒಂದೂ ಎದುರು ಮಾತಾಡಲಿಲ್ಲ. ಅವರಿಗೆ ಜನ ಎಲ್ಲಿಗೆ ಹೋಗುತ್ತಾರೆ ಎಂಬುದು ಮುಖ್ಯವಲ್ಲ, ಯಾವ ಶುಕ್ರವಾರ ಹಾಲ್ ಖಾಲಿ ಇದೆ ಎಂಬುದು ಮುಖ್ಯ. ನನಗಿಂತ ಹತ್ತು ವರ್ಷ ಚಿಕ್ಕವರಾದರೂ ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುವುದು. ಅವರು ಹುಟ್ಟಿದ್ದೇ ಜನರನ್ನು ಬೀಳ್ಕೊಡುವುದಕ್ಕೆ. ಎಂಥ ಅಪರಿಚಿತನಾದರೂ ಸರಿ, ಕೊನೆಯ ಟಿಕೆಟ್ ತೆಗೆದಿದ್ದಾನೆ ಎಂದು ಗೊತ್ತಾದರೆ ಸಾಕು, ಅವರ ಕಣ್ಣು ಒದ್ದೆಯಾಗುತ್ತದೆ.

"ಟಿಕೆಟ್ ಯಾವ ಡೇಟಿಗೆ ಅಕ್ಕ?" ಎಂದು ಫೋನು ಮಾಡಿದರು.

"ಟಿಕೆಟ್ ಇಲ್ಲ ಸದಾಶಿವಣ್ಣ, ದೋಣಿಯಲ್ವಾ."

"ಆಯ್ತು, ದೋಣಿ ಯಾವ ಡೇಟಿಗೆ?"

ಇದೇ ಪ್ರಶ್ನೆಯನ್ನು ನಾನು ಲಾರೆನ್ಸರಿಗೆ ಕೇಳಿದ್ದೆ. "ದೋಣಿ ತಯಾರಾಗ್ಬೇಕು, ಗಾಳಿ ಸರಿ ಬರ್ಬೇಕು, ಆ ದಿವಸ" ಎಂದಿದ್ದರು. ಕಡಲಿನವರು ದಿನ ಹೇಳುವುದಿಲ್ಲ. ಹೇಳಿದರೆ ಆ ದಿನ ಹೊರಡಬೇಕೆಂದು ಮನಸ್ಸು ಅವಸರ ಮಾಡುತ್ತದೆ, ಅವಸರ ಮಾಡಿದವರು ಕೆಟ್ಟ ಗಾಳಿಗೆ ಸಿಕ್ಕಿಬೀಳುತ್ತಾರೆ ಎಂಬುದು ಅವರ ಪಾಠ. ಆದರೆ ದೋಹಾದಲ್ಲಿ ದಿನಾಂಕವಿಲ್ಲದ ಪ್ರಯಾಣ ಎಂಬುದೇ ಇಲ್ಲ. ಸದಾಶಿವಣ್ಣ ಫೋನಿನಲ್ಲಿ ಕಾಯುತ್ತಿದ್ದರು. "ಬರುವ ಶುಕ್ರವಾರ ಹಾಲ್ ಉಂಟು. ಅದು ಬಿಟ್ರೆ ಮತ್ತೆ ನಿಮಗೆ ಖಲಾಸ್, ತಿಂಗಳು ಪೂರ್ತಿ ಬುಕ್" ಎಂದರು. ಇಷ್ಟು ವರ್ಷ ಇತರರ ಬೀಳ್ಕೊಡುಗೆಗೆ ಪಾಯಸ ಹೊತ್ತುಕೊಂಡು ಹೋದವಳು ನಾನು. ನನಗೂ ಒಂದು ಶಾಲು ಬೀಳಲಿ ಎಂದು ಒಳಗೆಲ್ಲೋ ಇತ್ತು. "ಮುಂದಿನ ವಾರ ಹೋಗ್ತೇವೆ ಅಂತ ಇಟ್ಕೊಳ್ಳಿ" ಎಂದೆ. ನಾನು ಮಾಡಿದ ಎಡವಟ್ಟು ಅದೊಂದೇ.

ಅಲ್ ಮನ್ಸೂರಾದ ಹೋಟೆಲೊಂದರ ಮೇಲ್ಮಹಡಿಯ ಹಾಲಿನಲ್ಲಿ ಸಮಾರಂಭ. ನಮ್ಮಿಬ್ಬರನ್ನು ಕೆಂಪು ಬಟ್ಟೆ ಹೊದಿಸಿದ ಕುರ್ಚಿಗಳಲ್ಲಿ ಕೂರಿಸಿದರು. ಇವರಿಗೆ ಪೇಟ ಇಟ್ಟರು, ಅದು ಇವರ ಕಿವಿಯ ತನಕ ಇಳಿದು ನಿಂತಿತು. ಸದಾಶಿವಣ್ಣ ಮಾತಾಡುತ್ತಾ, ಈ ದಂಪತಿ ಇಲ್ಲದ ದೋಹಾವನ್ನು ಕಲ್ಪಿಸಿಕೊಳ್ಳಲಿಕ್ಕೂ ಆಗುವುದಿಲ್ಲ ಎಂದು ಕಣ್ಣೊರೆಸಿಕೊಂಡರು. ಒಂದು ತಿಂಗಳ ಹಿಂದೆ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನನ್ನ ಮೇಲೆ ಕೆಂಡದ ಹಾಗೆ ಉರಿದುಬಿದ್ದವರು ಇದೇ ಸದಾಶಿವಣ್ಣ. ಹೆಂಗಸರು ಒಬ್ಬೊಬ್ಬರಾಗಿ ತಬ್ಬಿಕೊಂಡರು, ನನ್ನ ಸೀರೆಯ ಭುಜ ಒದ್ದೆಯಾಯಿತು, ನಾನೂ ಚೆನ್ನಾಗಿಯೇ ಅತ್ತೆ. ಉಡುಗೊರೆಗಳ ಬಗ್ಗೆ ಒಂದು ಮಾತು ಹೇಳದಿದ್ದರೆ ಆಗುವುದಿಲ್ಲ. ದೋಣಿಯಲ್ಲಿ ವಾಸಕ್ಕೆ ಹೋಗುವವರಿಗೆ ಕೊಟ್ಟದ್ದು ಗಾಜಿನ ಡಿನ್ನರ್ ಸೆಟ್, ಲೋಲಕದ ಗೋಡೆ ಗಡಿಯಾರ, ಮೂವತ್ತೆರಡು ತುಂಡಿನ ಟೀ ಸೆಟ್, ಮತ್ತು ಸೂಕ್ ವಾಕಿಫ್ ಪೇಟೆಯಿಂದ ತಂದ, ಗಾಜಿನ ಪೆಟ್ಟಿಗೆಯೊಳಗಿನ ಒಂದು ಹಡಗು. ಆ ಹಡಗಿಗಿಂತ ಅದರ ಪೆಟ್ಟಿಗೆ ಭಾರ. ಎಲ್ಲವೂ ಊರಿನ ಮನೆಯ ಷೋಕೇಸಿಗೆ ಅಳತೆ ಮಾಡಿಸಿ ತಂದ ಹಾಗಿದ್ದವು. ನಾವು ಹೊರಡುವುದು ಎಲ್ಲಿಗೆ ಎಂಬುದನ್ನು ಅಲ್ಲಿ ಯಾರೂ ನಂಬಿರಲಿಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಸಮಾರಂಭ ಮುಗಿದ ಮರುದಿನದಿಂದ ಮನೆ ಖಾಲಿ ಮಾಡಿದೆವು. ಅಲ್ಲಿನ ಪದ್ಧತಿಯಂತೆ ವಾಟ್ಸ್‌ಆ್ಯಪಿನಲ್ಲಿ ಸಾಮಾನುಗಳ ಫೋಟೋ ಹಾಕಿದ್ದೇ ತಡ, ಮಂಚ ಒಬ್ಬರು ಹೊತ್ತರು, ಫ್ರಿಜ್ ಇನ್ನೊಬ್ಬರು. ಮಿಕ್ಸಿ ಪ್ರಮೀಳಾಳ ಪಾಲಾಯಿತು. ಎಲ್ಲ ಮುಗಿದು ಗೋಡೆಗಳಷ್ಟೇ ಉಳಿದ ದಿನ ಲಾರೆನ್ಸ್ ಬಂದು ನೆಲದ ಮೇಲೆ ಕುಳಿತು, "ಒಂದು ವಿಷಯ ಉಂಟು" ಎಂದರು. ಹಾಯಿಯ ಕಂಬವನ್ನು ಎಳೆದು ಹಿಡಿಯುವ ಉಕ್ಕಿನ ತಂತಿಗಳಲ್ಲಿ ಒಂದರ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿದೆ. ಹಾಗೆಯೇ ಹೋದರೆ ನಡುಗಡಲಿನಲ್ಲಿ ಕಂಬ ತಲೆಯ ಮೇಲೆ ಬೀಳುತ್ತದೆ. ಹೊಸ ತಂತಿಗಳು ಹೊರದೇಶದಿಂದ ಬರಬೇಕು. ಯಾವಾಗ ಬರುತ್ತದೆ ಎಂದು ಕೇಳಿದೆ. ಅವರು ದಿನ ಹೇಳುವವರಲ್ಲ ಎಂಬುದು ಕೇಳಿದ ಮೇಲೆ ನೆನಪಾಯಿತು.

ಹೀಗೆ ನಾವು ಬೀಳ್ಕೊಡಲ್ಪಟ್ಟವರಾಗಿ ದೋಹಾದಲ್ಲಿ ಉಳಿದೆವು. ಮಂಚವಿಲ್ಲ, ಕುರ್ಚಿಯಿಲ್ಲ. ಎರಡು ಟಿವಿ ಪೆಟ್ಟಿಗೆಗಳ ಮೇಲೆ ಕುಳಿತು ಊಟ ಮಾಡುತ್ತಿದ್ದೆವು. ಕೊನೆಗೂ ಅವು ಉಪಯೋಗಕ್ಕೆ ಬಂದವು. ಮೊದಲ ವಾರ ಸಮಸ್ಯೆಯಿರಲಿಲ್ಲ. ಎರಡನೆಯ ವಾರ ಊರಿಗೆ ಹಣ ಕಳಿಸುವ ಎಕ್ಸ್‌ಚೇಂಜಿನ ಮುಂದೆ ಪ್ರಮೀಳಾ ಸಿಕ್ಕಿ, "ಓ, ಹೋಗಿ ಬಂದಾಯ್ತಾ ಅಕ್ಕ? ಇಷ್ಟು ಬೇಗ?" ಎಂದಳು. ತಂತಿಯ ಕಥೆ ಹೇಳಿದೆ. ಅವಳು ತಲೆಯಾಡಿಸಿದಳು, ಆದರೆ ಅವಳ ಮುಖದಲ್ಲಿ ಮಿಕ್ಸಿಯನ್ನು ವಾಪಸು ಕೇಳಿಯಾರು ಎಂಬ ಭಯ ಬಿಟ್ಟು ಬೇರೇನೂ ಇರಲಿಲ್ಲ. ಅವತ್ತಿನಿಂದ ಇವರು ತಲೆಮರೆಸಿಕೊಂಡರು. ಹೊರಗೆ ಹೋಗುವುದಾದರೆ ನಡು ಮಧ್ಯಾಹ್ನ, ಯಾರೂ ಇರದ ಬಿಸಿಲಿನಲ್ಲಿ. ಸೂಪರ್‌ಮಾರ್ಕೆಟ್ಟಿನಲ್ಲಿ ಕನ್ನಡ ಕೇಳಿಸಿದರೆ ಅಕ್ಕಿ ಚೀಲಗಳ ಸಾಲಿಗೆ ನುಗ್ಗುತ್ತಿದ್ದರು. ಒಮ್ಮೆ ಹಾಗೆ ಅಡಗಿ ಕುಳಿತವರನ್ನು ಮಲಯಾಳಿ ಕೆಲಸದವನು, "ಕ್ಯಾ ಹುವಾ ಚೇಟ್ಟಾ, ತಬಿಯತ್ ಖರಾಬ್ ಹೈ ಕ್ಯಾ?" ಎಂದು ಕೈಹಿಡಿದು ಎಬ್ಬಿಸಿ, ಸರಿಯಾಗಿ ಯಾರಿಂದ ಅಡಗಿದ್ದರೋ ಅವರ ಎದುರಿಗೇ ತಂದು ನಿಲ್ಲಿಸಿದ. ನನಗೆ ಮೈಯೆಲ್ಲ ಉರಿಯಿತು. ನಾವು ಯಾರ ಮನೆ ದೋಚಿದ್ದೇವೆ? ಹೋಗುತ್ತೇವೆ ಎಂದೆವು, ದೋಣಿ ಕೆಟ್ಟಿತು, ಉಳಿದೆವು. ವಿಮಾನ ತಡವಾದರೆ ಪ್ರಯಾಣಿಕರು ಮುಖ ಮುಚ್ಚಿಕೊಳ್ಳುತ್ತಾರೆಯೇ?

ಆ ಉರಿಯಲ್ಲೇ ನಾನು ಸಂಘದ ದೀಪಾವಳಿ ಕಾರ್ಯಕ್ರಮಕ್ಕೆ ಹೊರಟೆ. ಇವರು ಬರುವುದಿಲ್ಲ ಎಂದು ಹಟ ಹಿಡಿದರು. "ಆ ಪೇಟ ಹಾಕಿ ಕರ್ಕೊಂಡು ಹೋಗ್ತೇನೆ ನೋಡಿ" ಎಂದ ಮೇಲೆ ಅಂಗಿ ಹಾಕಿಕೊಂಡರು. ಬೀಳ್ಕೊಡುಗೆಯ ದಿನ ಉಟ್ಟ ಅದೇ ಸೀರೆ ಉಟ್ಟೆ, ಅದೇ ಶಾಲು ಹೊದ್ದೆ, ಮೊದಲನೆಯ ಸಾಲಿನಲ್ಲಿ ಹೋಗಿ ಕುಳಿತೆ. ಹಾಲಿನಲ್ಲಿ ಪಿಸುಪಿಸು ಎದ್ದಿತು. ವೇದಿಕೆಯ ಮೇಲಿದ್ದ ಸದಾಶಿವಣ್ಣನ ಕಣ್ಣು ನನ್ನ ಮೇಲೆ ಬಿತ್ತು. ಗಣ್ಯರನ್ನು ಸ್ವಾಗತಿಸುವ ಭರದಲ್ಲಿ ಇದ್ದವರು, ನಮ್ಮನ್ನು ಯಾವ ಸಾಲಿಗೆ ಸೇರಿಸಬೇಕೆಂದು ತಿಳಿಯದೆ, "ಇತ್ತೀಚೆಗೆ ನಮ್ಮನ್ನಗಲಿದ ವಾರಿಜಕ್ಕ ಮತ್ತು ಭಾಸ್ಕರಣ್ಣ ಕೂಡ ಇವತ್ತು ನಮ್ಮೊಂದಿಗೆ ಇದ್ದಾರೆ" ಎಂದುಬಿಟ್ಟರು. ಇವರು ಕನ್ನಡಕ ತೆಗೆದು ಒರೆಸಿದರು. ನಾನು ಎದ್ದು ನಿಂತು ಸಭೆಗೆ ಕೈಮುಗಿದೆ. ಸತ್ತವರಿಗಿರುವಷ್ಟು ಧೈರ್ಯ ಯಾರಿಗೂ ಇರುವುದಿಲ್ಲ ಎಂದು ಅವತ್ತು ಗೊತ್ತಾಯಿತು. ಊಟದ ಸಾಲಿನಲ್ಲಿ ನಾಲ್ಕು ಮಂದಿ ಬಂದು ಯಾವಾಗ ಹೋಗುವುದು ಎಂದು ಕೇಳಿದರು. ನಾಲ್ವರಿಗೂ, ನೀವು ಯಾವಾಗ ಹೋಗುವುದು ಎಂದು ತಿರುಗಿ ಕೇಳಿದೆ. ನಾಲ್ವರೂ ಎರಡು ವರ್ಷ ಎಂದರು.

ಆದರೆ ನಿಜವಾದ ಕಷ್ಟ ಮನೆಯೊಳಗಿತ್ತು. ಡಿಸೆಂಬರ್ ಮುಗಿಯುವಷ್ಟರಲ್ಲಿ ನಮ್ಮ ವಾಸದ ಪರವಾನಗಿ ಮುಗಿಯುತ್ತಿತ್ತು. ಅದರೊಳಗೆ ದೋಣಿ ಹೊರಡಬೇಕು, ಇಲ್ಲವಾದರೆ ಮಂಗಳೂರಿನ ವಿಮಾನ ಹತ್ತಲೇಬೇಕು. ಒಮ್ಮೆ ಸುರತ್ಕಲ್ಲಿನ ಮನೆಯ ಹೊಸ್ತಿಲು ದಾಟಿದರೆ ಮತ್ತೆ ಹೊರಬರುವುದು ಉಂಟೇ? ಗೃಹಪ್ರವೇಶಕ್ಕೆ ಕರೆಯದೆ ಉಳಿದ ನೆಂಟರು, ಅತ್ತೆಯ ಮಂಡಿನೋವು, ಬಾವಿಯ ಪಂಪು, ಮಗಳಿಗೆ ಬರುವ ಸಂಬಂಧಗಳು, ಒಂದರ ಹಿಂದೆ ಒಂದು ಕೈಕಾಲು ಹಿಡಿದುಕೊಳ್ಳುತ್ತವೆ. ಲಾರೆನ್ಸರೂ ಬೇರೆ ಯಾರನ್ನಾದರೂ ಹುಡುಕಿಕೊಳ್ಳುತ್ತಾರೆ. ಒಂದು ದಿನ ಬೆಳಗ್ಗೆ ಚಹಾ ಕೊಡಲು ಹೋದಾಗ ಇವರು ಮೊಬೈಲಿನಲ್ಲಿ ವಿಮಾನದ ಟಿಕೆಟ್ ನೋಡುತ್ತಿದ್ದರು. ನನ್ನನ್ನು ಕಂಡು ಮೊಬೈಲು ಮಗುಚಿದರು.

"ಸುಮ್ಮನೆ ನೋಡಿದ್ದು ಮಾರಾಯ್ತಿ" ಎಂದರು.

"ಕಡಲಿಗೆ ಹೆದರ್ತೀರಾ?"

"ಕಡಲಿಗಲ್ಲ. ಜನ ನಗ್ತಾರಲ್ಲ, ಅದಕ್ಕೆ. ಊರಿಗೆ ಹೋದ್ರೆ ಯಾರೂ ನಗುದಿಲ್ಲ. ಎಲ್ಲರೂ ಹೋಗ್ತಾರೆ."

"ನೀವು ಹೋಗಿ. ನಾನು ಲಾರೆನ್ಸರೊಟ್ಟಿಗೆ ದೋಣಿಯಲ್ಲಿ ಹೋಗುದೇ."

ಇಷ್ಟು ವರ್ಷದ ಸಂಸಾರದಲ್ಲಿ ನಾನು ಇವರನ್ನು ಬಿಟ್ಟು ಹೋಗುತ್ತೇನೆ ಎಂದದ್ದು ಅದೇ ಮೊದಲು, ಅದೂ ಟಿವಿ ಪೆಟ್ಟಿಗೆಯ ಮೇಲೆ ಕುಳಿತು. ಹೇಳಿದ್ದು ಜೋರಾಗಿಯೇ. ಇವರು ಆಯಿತು ಎಂದರೆ ಏನು ಮಾಡುವುದು? ಇವರು ಬಹಳ ಹೊತ್ತು ಚಹಾ ಊದಿ ಊದಿ ಕುಡಿದರು. ಆಮೇಲೆ, "ದೋಣಿಯಲ್ಲಿ ಲಾರೆನ್ಸ್ ಚಹಾಕ್ಕೆ ಏಲಕ್ಕಿ ಹಾಕುದಿಲ್ಲ. ನಿನಗೆ ತಲೆನೋವು ಬರ್ತದೆ" ಎಂದರು. ಇವರ ಬಾಯಲ್ಲಿ ಅದಕ್ಕಿಂತ ದೊಡ್ಡ ಪ್ರೇಮದ ಮಾತು ನಾನು ಕೇಳಿಲ್ಲ. ಮಧ್ಯಾಹ್ನ ಇಬ್ಬರೂ ಬಂದರಿನ ಸುಂಕದ ಕಚೇರಿಗೆ ಹೋಗಿ, ನಮ್ಮ ತಂತಿಗಳು ಎಲ್ಲಿ ಎಂದು ಕಿಟಕಿಯ ಮುಂದೆ ನಿಂತೆವು. ಮರುದಿನವೂ ನಿಂತೆವು. ಅಲ್ಲಿನ ಯುವಕ ಮೊದಮೊದಲು "ಮಾಫಿ, ಮಾಫಿ, ಇನ್ನೂ ಇಲ್ಲ" ಎಂದು ಕೈಯಾಡಿಸುತ್ತಿದ್ದವನು, ಕೊನೆಕೊನೆಗೆ ನನ್ನನ್ನು ಕಂಡ ಕೂಡಲೇ ತಾನೇ ಎದ್ದು ಒಳಗೆ ಹುಡುಕಲು ಹೋಗುತ್ತಿದ್ದ. ಒಂದು ದಿನ ಉದ್ದನೆಯ ಕಟ್ಟು ಹೊತ್ತುಕೊಂಡೇ ಹೊರಬಂದ.

ತಂತಿ ಕಟ್ಟಿ ಮುಗಿಯುವಾಗ ಪರವಾನಗಿಗೆ ಬೆರಳೆಣಿಕೆಯ ದಿನ ಉಳಿದಿತ್ತು. ಲಾರೆನ್ಸ್ ಗಾಳಿ ನೋಡಿ, "ನಾಳೆ ಬೆಳಿಗ್ಗೆ. ಒಬ್ಬರಿಗೆ ಒಂದೇ ಚೀಲ" ಎಂದರು. ಗಾಜಿನ ಪೆಟ್ಟಿಗೆಯ ಹಡಗನ್ನು ಕಟ್ಟಡದ ಕಾವಲುಗಾರನಿಗೆ ಕೊಟ್ಟೆ, ಗಡಿಯಾರವನ್ನು ಮನೆಯ ಮಾಲೀಕನಿಗೆ. ಈ ಬಾರಿ ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿದ್ದೆ. ಒಮ್ಮೆ ನಕ್ಕವರಿಗೆ ಎರಡನೆಯ ಅವಕಾಶ ಏಕೆ? ಬೆಳಿಗ್ಗೆ ದಾಖಲೆಗಳಿಗೆ ಮೊಹರು ಬಿತ್ತು. ಹಗ್ಗ ಬಿಚ್ಚಿದೆವು. ಆ ಎತ್ತರದ ಗಾಜಿನ ಕಟ್ಟಡಗಳೆಲ್ಲ ಬೆಳಗಿನ ಮಂಜಿನಲ್ಲಿ ನಿಂತಿದ್ದವು, ದಡದಲ್ಲಿ ಬೆಕ್ಕೊಂದು ಮೈ ನೆಕ್ಕಿಕೊಳ್ಳುತ್ತಿತ್ತು. ನಾನು ಚುಕ್ಕಾಣಿ ಹಿಡಿದು ಮುಂದೆ ನೋಡುವುದು ಬಿಟ್ಟು ಹಿಂದೆ ನೋಡುತ್ತಿದ್ದೆ. ಯಾರಾದರೂ ಓಡಿ ಬರುತ್ತಾರೇನೋ, ಕೈಬೀಸುತ್ತಾರೇನೋ ಎಂದು. ಇಪ್ಪತ್ತಾರು ವರ್ಷ ಬದುಕಿದ ಊರು. ಮಗಳನ್ನು ಹೆತ್ತ ಊರು. ಅತ್ತು, ತಬ್ಬಿ, ಭಾಷಣ ಮಾಡಿ ಕಳಿಸಿಕೊಟ್ಟ ದಿನ ನಾವು ಹೋಗಲಿಲ್ಲ. ಹೋದ ದಿನ ಬೆಕ್ಕು ಕೂಡ ತಲೆಯೆತ್ತಲಿಲ್ಲ. ನನಗೆ ಬಹಳ ನೋವಾಯಿತು. ಯಾರಿಗೂ ಹೇಳಬಾರದೆಂದು ಹಟ ಹಿಡಿದವಳು ನಾನೇ ಎಂಬುದರಿಂದ ಆ ನೋವನ್ನು ಯಾರ ಮೇಲೆ ಹಾಕುವುದಕ್ಕೂ ಆಗಲಿಲ್ಲ.

ಈಗ ಇದನ್ನು ಬರೆಯುತ್ತಿರುವುದು ಮಾಲ್ಡೀವ್ಸಿನಲ್ಲಿ, ಕೈತೋಟದಷ್ಟು ದೊಡ್ಡ ದ್ವೀಪವೊಂದರ ಬಳಿ ಲಂಗರು ಹಾಕಿಕೊಂಡು. ಇಲ್ಲಿಗೆ ಬಂದ ಮೇಲೆ ಇದು ನಾವು ನಿಂತ ಐದನೆಯ ದ್ವೀಪವೋ ಆರನೆಯದೋ. ಜಾಹೀರಾತಿನಲ್ಲಿ ಕಾಣುವ ನೀಲಿ ನೀರು ನಿಜವಾಗಿಯೂ ಇದೆ, ಸುಳ್ಳಲ್ಲ. ಜಾಹೀರಾತಿನಲ್ಲಿ ಕಾಣದ್ದೂ ಇದೆ. ದೋಣಿಯ ಕಕ್ಕಸಿನ ಪಂಪು ವಾರಕ್ಕೊಮ್ಮೆ ಕಟ್ಟಿಕೊಳ್ಳುತ್ತದೆ, ಅದನ್ನು ಬಿಚ್ಚುವವರು ಇವರು. ಸಿಹಿನೀರು ಚೆಂಬಿನ ಲೆಕ್ಕ, ಉಪ್ಪುನೀರಿನಲ್ಲಿ ಒಗೆದ ಬಟ್ಟೆ ಒಣಗಿದ ಮೇಲೆ ತಾನೇ ನಿಂತುಕೊಳ್ಳುತ್ತದೆ. ದ್ವೀಪದಿಂದ ದ್ವೀಪಕ್ಕೆ ಹೋಗುವಾಗ ಸೂರ್ಯ ನೆತ್ತಿಯ ಮೇಲಿರಬೇಕು, ಆಗ ಮಾತ್ರ ಹವಳದ ಬಂಡೆ ಕಣ್ಣಿಗೆ ಬೀಳುತ್ತದೆ. ಮುಂಭಾಗದಲ್ಲಿ ಒಬ್ಬರು ನಿಂತು ನೀರಿನ ಬಣ್ಣ ನೋಡಿ ಕೂಗಬೇಕು. ಕಡುನೀಲಿಯಾದರೆ ಆಳ, ತಿಳಿಹಸುರಾದರೆ ಮರಳು, ಕಂದು ಬಣ್ಣ ಕಂಡರೆ ತಕ್ಷಣ ತಿರುಗಿಸಬೇಕು. ಆ ಕೆಲಸ ನನ್ನದು. ಊರಿನಿಂದ ತಂದ ಕೊಡೆ ಹಿಡಿದು ನಿಂತು ಕೂಗುತ್ತೇನೆ. ನನ್ನ ದನಿ ದೊಡ್ಡದು ಎಂದು ಜೀವಮಾನವೆಲ್ಲ ದೂರಿದ ಗಂಡ ಈಗ ಚುಕ್ಕಾಣಿಯಲ್ಲಿ ಕುಳಿತು, "ಇನ್ನೂ ಜೋರಾಗಿ ಹೇಳು ಮಾರಾಯ್ತಿ, ಕೇಳುದಿಲ್ಲ" ಎನ್ನುತ್ತಾರೆ. ಅತ್ತೆ ಫೋನಿನಲ್ಲಿ ಇನ್ನೂ ಮಾತಾಡುತ್ತಿಲ್ಲ. ಮಾತಾಡುವುದಿಲ್ಲ ಎಂದು ಹೇಳುವುದಕ್ಕಾಗಿ ಮಾತ್ರ ವಾರಕ್ಕೊಮ್ಮೆ ಮಾಡುತ್ತಾರೆ. ನಾನು ಯಾರ ಬಳಿಯೂ ಇದು ಸರಿಯೇ ಎಂದು ಕೇಳಲು ಹೋಗುವುದಿಲ್ಲ. ರಾತ್ರಿಯಿಡೀ ಹಾಯಿಯ ಹಗ್ಗ ಕಟಕಟ ಎನ್ನುವಾಗ ನಿದ್ದೆ ಬಾರದಿದ್ದರೂ ಬೆಳಿಗ್ಗೆ ಎದ್ದರೆ ಹೊಸ ತೆಂಗಿನ ತಲೆಗಳು ಕಾಣುತ್ತವೆ, ಅಷ್ಟು ಸಾಕು.

ನಿನ್ನೆ ಇಲ್ಲಿ ಮೊಬೈಲಿಗೆ ಸಿಗ್ನಲ್ ಸಿಕ್ಕಿದ ಕೂಡಲೇ ಸದಾಶಿವಣ್ಣನ ಕರೆ ಬಂತು.

"ಅಕ್ಕ, ಎಲ್ಲಿ ಮಾರಾಯ್ರೆ ನೀವು? ಎರಡು ತಿಂಗಳಾಯ್ತು ಒಂದು ಕಾರ್ಯಕ್ರಮಕ್ಕೂ ಇಲ್ಲ. ಅವತ್ತು ಸ್ಟೇಜಲ್ಲಿ ಹಾಗೆ ಹೇಳಿದ್ದಕ್ಕೆ ಬೇಜಾರಾ?"

"ಇಲ್ಲಪ್ಪ. ನಾವು ಹೊರಟಾಯ್ತು. ಮಾಲ್ಡೀವ್ಸಲ್ಲಿ ಇದ್ದೇವೆ."

"ಆಯ್ತು ಆಯ್ತು" ಎಂದರು, ಬಹಳ ಮೃದುವಾಗಿ, ರೋಗಿಯ ಜೊತೆ ಮಾತಾಡುವ ಹಾಗೆ. "ಹೋದ ವಾರ ಪ್ರಮೀಳಾ ನಿಮ್ಮನ್ನು ಮನ್ಸೂರಾ ಮೆಟ್ರೋದಲ್ಲಿ ನೋಡಿದ್ಲಂತೆ. ಕರೆದ್ರೂ ತಿರುಗ್ಲಿಲ್ಲಂತೆ ನೀವು. ಯಾಕಕ್ಕ ಹೀಗೆ? ನಾವೆಲ್ಲ ನಿಮ್ಮವರಲ್ವಾ?"

ನಾನು ತಡಮಾಡಲಿಲ್ಲ. ದ್ವೀಪದ ದಡದಲ್ಲಿ ನಿಂತಿದ್ದವಳು ಅಲ್ಲೇ ತೆಗೆದ ಫೋಟೋ ಕಳಿಸಿದೆ. ತೆಂಗಿನ ಸಾಲು, ಬಿಳಿ ಮರಳು, ನೀಲಿ ನೀರು, ನಡುವೆ ನಮ್ಮ ದೋಣಿ, ಅದರ ಮೇಲೆ ಒಣಗುತ್ತಿರುವ ಇವರ ಲುಂಗಿ. ಸದಾಶಿವಣ್ಣ ಫೋನು ಇಡದೆಯೇ ಅದನ್ನು ತೆರೆದು ನೋಡಿದರು.

"ಓ, ಚೆಂದ ಉಂಟು. ನಮ್ಮ ದೋಹಾ ಕಾರ್ನಿಶ್‌ನಿಂದ ಫೆರಿ ಹೋಗ್ತದಲ್ಲ, ಆ ರೆಸಾರ್ಟ್ ದ್ವೀಪವಾ? ವೀಕೆಂಡ್ ಪ್ಯಾಕೇಜಾ? ಒಳ್ಳೇದಾಯ್ತು, ಸ್ವಲ್ಪ ರೆಸ್ಟ್ ತಗೊಳ್ಳಿ. ಮತ್ತೆ, ಬರುವ ಶುಕ್ರವಾರ ಎಲ್ಲರೂ ಮನೆಯಿಂದ ಒಂದೊಂದು ಐಟಂ ತರುದು. ನಿಮ್ಮ ಹೆಸರಿಗೆ ಗೋಳಿಬಜೆ ಹಾಕಿದ್ದೇನೆ. ಯಾರಿಗೂ ನಿಮ್ಮ ಹಾಗೆ ಮಾಡ್ಲಿಕ್ಕೆ ಬರುದಿಲ್ಲ. ಇಲ್ಲ ಅನ್ಬಾರ್ದು ಅಕ್ಕ."

ಅತ್ತೆಗೆ ಎದುರು ನಿಂತವಳು, ಗಂಡನನ್ನು ಬಿಟ್ಟು ಹೋಗುತ್ತೇನೆ ಎಂದವಳು, ತುಂಬಿದ ಸಭೆಯಲ್ಲಿ ಸತ್ತವಳಾಗಿ ಕೈಮುಗಿದವಳು ನಾನು. ಈ ಮನುಷ್ಯನಿಗೆ ಬುದ್ಧಿ ಕಲಿಸಬೇಕು ಎಂದು ಬಾಯಿ ತೆರೆದೆ. ದೋಣಿಯ ಮೇಲಿಂದ ಇವರು ಯಾರದು ಎಂದು ಸನ್ನೆ ಮಾಡಿದರು. ಫೋನಿನ ಆ ಕಡೆ ಯಾರೋ ಕುರ್ಚಿ ಎಳೆಯುವ ಸದ್ದು, ಯಾರದೋ ಮಗು, ಪ್ರಮೀಳಾಳ ನಗು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಎಷ್ಟು ಜನಕ್ಕೆ?" ಎಂದು ಕೇಳಿದೆ.